ಹಿತ್ತಲಿನ ಬಲೆಚೀಲಗಳು

ಉಗುರು ಸಂದಿಯ ಮಣ್ಣು ಎಷ್ಟು ಉಜ್ಜಿದರೂ ಹೋಗಲಿಲ್ಲ. ತಾರ್ಮಿನಿ ಇನ್ನೊಂದು ಚೊಂಬು ನೀರು ಹೊಯ್ದು ಗಂಡನ ಹೆಬ್ಬೆರಳನ್ನು ಮತ್ತೆ ತಿಕ್ಕಿದಳು. ಸುಕಾಮ್ತೊನಿಗೆ ಕೊನೆಯ ಸ್ನಾನ ಮಾಡಿಸುವ ಹಕ್ಕನ್ನು ಅವಳು ಊರ ಗಂಡಸರಿಗೆ ಬಿಟ್ಟುಕೊಟ್ಟಿರಲಿಲ್ಲ.

"ಸಾಕು ಬಿಡಿ ಅತ್ತಿಗೆ," ಎಂದಳು ನಾದಿನಿ ಪೈನೆಮ್. "ಇನ್ನೊಂದು ಗಳಿಗೆಗೆ ಅಣ್ಣ ಮಣ್ಣಿಗೇ ಹೋಗೋನು. ಉಗುರಿಂದ ತೆಗೆದು ಏನ್ ಮಾಡ್ತೀರಿ?"

"ಇದು ಮನೆ ಮಣ್ಣಲ್ಲ. ಆ ಹಾಳು ಲ್ಯಾಬಿನ ಮಣ್ಣು."

ನಿನ್ನೆ ಸಂಜೆ ಅವನು ಎದೆ ಹಿಡಿದುಕೊಂಡು ಕುಸಿದದ್ದೂ ಅಲ್ಲಿಯೇ. ಪೈನೆಮ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಸಿಟ್ಟಾಗಬೇಡಿ. ಅವಳು ಬಂದವ್ಳೆ. ಹೆಸ್ತಿ. ಸುರಬಾಯಾದಿಂದ ಬೆಳಗಿನ ರೈಲಿಗೇ ಬಂದಳಂತೆ."

ತಾರ್ಮಿನಿಯ ಕೈ ನಿಂತಿತು. "ಏನುಟ್ಕೊಂಡವ್ಳೆ?"

"ಕರಿ ಕುಪ್ಪಸ. ಒಳ್ಳೆ ಬಟ್ಟೆ."

"ಗೊತ್ತಿತ್ತು. ಹೆಣ ನೋಡೋಕೂ ಸಿಂಗಾರ."

ಹೆಸ್ತಿ ಊರು ಬಿಟ್ಟು ಹತ್ತು ವರ್ಷ ಕಳೆದಿದ್ದರೂ ಆ ಹೆಸರಿಗೆ ತಾರ್ಮಿನಿ ಚೊಂಬನ್ನು ನೆಲಕ್ಕೆ ಕುಕ್ಕಿದಳು. ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಟ್ಟು ಕರೆಯುವ ಅಭ್ಯಾಸ ಅವಳಿಗಿರಲಿಲ್ಲ.

*

ಸುಕಾಮ್ತೊನ ಕೆಲಸವೆಂದರೆ ಹೂಳುವುದು, ಅಗೆಯುವುದು. ಅದೇ ಲ್ಯಾಬಿನಲ್ಲಿದ್ದ ಹೆಸ್ತಿ ಮರಗೆಣಸಿನ ಹಿಟ್ಟಿನಿಂದ ಪ್ಲಾಸ್ಟಿಕ್ ಹಾಳೆ ಮಾಡುತ್ತಿದ್ದಳು. ಅದು ಮಣ್ಣಿನಲ್ಲಿ ನಿಜವಾಗಿ ಕರಗುತ್ತದೆಯೇ ಎಂದು ನೋಡುವವನು ಇವನು. ತುಂಡುಗಳನ್ನು ತೂಗಿ, ಬಲೆಚೀಲಕ್ಕೆ ತುಂಬಿ ಹೂತು, ತಿಂಗಳಿಗೊಂದು ಚೀಲ ಅಗೆದು, ತೊಳೆದು ಒಣಗಿಸಿ ಮತ್ತೆ ತೂಗುತ್ತಿದ್ದ. ಲ್ಯಾಬಿನಲ್ಲಿ ಮಣ್ಣು ತುಂಬಿದ ಜಾಡಿಗಳೂ ಇದ್ದವು.

"ಬರೀ ಚೂರಾದ್ರೆ ಸಾಲದು ಕಣೆ, ಅದು ಮೋಸ," ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದ. "ಕಣ್ಣಿಗೆ ಕಾಣದ ಜೀವಗಳು ಅದನ್ನ ತಿನ್ನಬೇಕು. ತಿಂದ್ರೆ ಉಸಿರು ಬಿಡ್ತವೆ. ಆ ಉಸಿರನ್ನ ಸುಣ್ಣದ ತಿಳಿಯಲ್ಲಿ ಹಿಡಿದು ಅಳೀತೀವಿ. ಪಕ್ಕದಲ್ಲಿ ಬರೀ ಮಣ್ಣಿನ ಜಾಡಿ ಇಟ್ಟಿರ್ತೀವಿ. ಅದರ ಉಸಿರು ಕಳೆದ್ರೆ ಉಳಿಯೋದೇ ಹೆಸ್ತಿ ಹಾಳೇದು."

"ಪಕ್ಕದಲ್ಲಿ ನಾನೂ ಉಸಿರಾಡ್ತಾ ಇದೀನಿ. ಅದನ್ನೂ ಕಳೆದುಬಿಡಿ," ಎಂದಿದ್ದಳು ತಾರ್ಮಿನಿ. ಅವನು ನಕ್ಕ. ಅವಳು ನಗಲಿಲ್ಲ.

ಲ್ಯಾಬಿನ ಮಣ್ಣು ಮುದ್ದಿನಿಂದ ಸಾಕಿದ ಮಣ್ಣು, ನಾಳೆ ಜನ ಎಸೆಯುವುದು ಮನೆ ಹಿತ್ತಲಿಗೆ ತಾನೇ ಎಂದು ಅವನು ಕೆಲವು ಚೀಲಗಳನ್ನು ಅಡುಗೆಮನೆಯ ಹಿಂದೆಯೇ ಹೂತ. ತಿಂಗಳು ತಿಂಗಳೂ ಹೆಸ್ತಿ ಬರುತ್ತಿದ್ದಳು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಒಂದು ಕೊಳಕು ತುಂಡಿನಲ್ಲಿ ತೂತು ಎಣಿಸಿ ಖುಷಿಪಡುತ್ತಿದ್ದರು. "ನೋಡಿ, ನೋಡಿ, ಇಲ್ಲಿ ತಿಂದೇಬಿಟ್ಟಿದೆ!" ಎಂದು ಅವಳು ಕಿರುಚುವಳು. ಅವನು ಮೆತ್ತನೆಯ ಬ್ರಷ್ಷಿನಿಂದ ಅದರ ಮಣ್ಣು ಒರೆಸುವನು. ಹೆಂಡತಿಯ ಕೆನ್ನೆಯನ್ನು ಅವನು ಅಷ್ಟು ಹಗುರವಾಗಿ ಮುಟ್ಟಿದ್ದೇ ಇಲ್ಲ. ತಾರ್ಮಿನಿ ಚಹಾ ತಂದಿಟ್ಟು ಒಳಗೆ ಹೋಗುವಳು.

ಒಂದು ಶುಕ್ರವಾರ ಅವನು ಮಸೀದಿಗೆ ಹೋದಾಗ ಅವಳು ಗುದ್ದಲಿ ಹಿಡಿದಳು. ಉಳಿದ ಚೀಲಗಳನ್ನು ಬಿಚ್ಚಿ ಹಾಳೆಗಳನ್ನು ಒಲೆಗೆ ಹಾಕಿದಳು. ಸಂತೆಯ ಬಿಳಿ ಪ್ಲಾಸ್ಟಿಕ್ ಚೀಲವನ್ನು ಅದೇ ಅಳತೆಗೆ ಕತ್ತರಿಸಿ ತುಂಬಿ ಮಣ್ಣು ಮುಚ್ಚಿದಳು.

ಮುಂದಿನ ತಿಂಗಳು ಅಗೆದರೆ ಒಂದೇ ಒಂದು ತೂತಿಲ್ಲ. ಹೆಸ್ತಿಯ ಮುಖ ಬಾಡಿತು. ಅಂದು ತಾರ್ಮಿನಿ ಬಾಳೆಹಣ್ಣು ಕರಿದು ಇಬ್ಬರಿಗೂ ಬೇಡ ಬೇಡವೆಂದರೂ ಬಡಿಸಿದಳು. ಆಮೇಲೆ ಹೆಸ್ತಿ ಈ ಮನೆಯ ಹೊಸಿಲು ತುಳಿಯಲಿಲ್ಲ. ಸುರಬಾಯಾಕ್ಕೆ ಹೋದಳಂತೆ ಎಂದು ಯಾರೋ ಹೇಳಿದರು. ಯಾಕೆಂದು ತಾರ್ಮಿನಿ ಕೇಳಲಿಲ್ಲ, ಗಂಡ ಹೇಳಲೂ ಇಲ್ಲ.

*

ಮಲ್ಲಿಗೆ ಮಾಲೆ ಹೊದೆಸಿದ ಚಟ್ಟವನ್ನು ಅಂಗಳದಲ್ಲಿಟ್ಟಿದ್ದರು. ಊರಿನ ಸಾವುಗಳನ್ನೆಲ್ಲ ನಡೆಸಿಕೊಡುವ ಮೋದಿನ್ ಅಜ್ಜ ಎದ್ದು ನಿಂತ.

"ಸುಕಾಮ್ತೊನೂ ಮನುಷ್ಯನೇ. ತಪ್ಪು ಮಾಡಿರ್ತಾನೆ. ಯಾರಿಗಾದ್ರೂ ಅವನಿಂದ ನೋವಾಗಿದ್ರೆ ಇಲ್ಲೇ ಮನ್ನಿಸಿಬಿಡಿ. ಭಾರ ಹೊತ್ಕೊಂಡು ಹೋಗೋದು ಬೇಡ."

"ಮನ್ನಿಸಿದ್ವಿ," ಎಂದು ಎಲ್ಲರೂ ಒಂದೇ ಉಸಿರಿಗೆ ಹೇಳಿದರು. ಅಲ್ಲಿಗೆ ಮುಗಿಯುವುದೇ ವಾಡಿಕೆ. ಆದರೆ ಹೆಂಗಸರ ಗುಂಪಿನಿಂದ ಹೆಸ್ತಿ ಮುಂದೆ ಬಂದಳು.

"ನನ್ನದೊಂದಿದೆ ಅಜ್ಜ. ಇವರ ಹಿತ್ತಲಲ್ಲಿ ನನ್ನ ಹಾಳೆ ಹೂತಿದ್ವಿ. ಕೊನೆಗೆ ಅಗೆದಿದ್ದು ಕರಗಿರಲೇ ಇಲ್ಲ. ತೂಗಿದ್ರೆ ತೂಕಾನೇ ಬೇರೆ. ಅದು ಅಂಗಡಿ ಪ್ಲಾಸ್ಟಿಕ್. 'ಹೋಲಿಸಿ ನೋಡೋಕೆ ಇಟ್ಟಿದ್ದ ತುಂಡುಗಳನ್ನ ನಾನೇ ಮರೆತು ನಿನ್ನ ಚೀಲಕ್ಕೆ ತುಂಬಿಬಿಟ್ಟೆ' ಅಂತ ಇವರೇ ಒಪ್ಕೊಂಡ್ರು. ಆಮೇಲೆ ನನ್ನ ಲೆಕ್ಕ ಯಾರೂ ನಂಬಲಿಲ್ಲ, ಕೆಲಸವೆಲ್ಲ ನೀರಲ್ಲಿ ಹೋಮ ಆಯ್ತು. ನಿಮ್ಮ ಮುಖ ನೋಡಲ್ಲ ಅಂತ ಹೋದೋಳು ನೋಡ್ಲೇ ಇಲ್ಲ." ಅವಳು ಚಟ್ಟದ ಕಡೆ ತಿರುಗಿದಳು. "ಮನ್ನಿಸಿದೀನಿ."

ತೂಕ! ತಾರ್ಮಿನಿ ಕತ್ತರಿ ಹಿಡಿದು ಉದ್ದ ಅಗಲ ಸರಿಹೊಂದಿಸಿದ್ದಳು. ತೂಗುವುದೇ ಕಸುಬಾಗಿದ್ದವನ ಹೆಂಡತಿಗೆ ತೂಕ ನೆನಪಾಗಿರಲಿಲ್ಲ. ಹಾಗಾದರೆ ಇದು ಯಾರ ಕೈಕೆಲಸವೆಂದು ಅವನಿಗೆ ಅವತ್ತೇ ಗೊತ್ತಾಗಿದೆ. ಗೊತ್ತಿದ್ದೂ ಇಷ್ಟು ವರ್ಷ ಅವಳು ಬಡಿಸಿದ್ದನ್ನು ಉಂಡು, ಅವಳ ಪಕ್ಕದಲ್ಲೇ ಮಲಗಿದ್ದಾನೆ.

ಸುಮ್ಮನಿದ್ದರೆ ಎಲ್ಲವೂ ಅವನ ಜೊತೆ ಮಣ್ಣಾಗುತ್ತಿತ್ತು. ಅವಳು ಸುಮ್ಮನಿರುತ್ತಿದ್ದಳೋ ಏನೋ. ಆದರೆ ಹೆಸ್ತಿ ಚಟ್ಟದ ಅಂಚಿನ ಮೇಲೆ ಅಂಗೈ ಇಟ್ಟು, "ಪೂರ್ತಿ ಮನ್ನಿಸಿದೀನಿ," ಎಂದು ಮೆಲ್ಲಗೆ, ಅವನಿಗೊಬ್ಬನಿಗೇ ಎಂಬಂತೆ ಹೇಳಿದಳು. ಇವಳು ಕೊಟ್ಟದ್ದನ್ನು ಹೊತ್ತುಕೊಂಡು ತನ್ನ ಗಂಡ ಗೋರಿಗೆ ಹೋಗುವುದೇ? ತಾರ್ಮಿನಿಗೆ ತಡೆಯಲಾಗಲಿಲ್ಲ.

"ತೆಗಿ ಕೈ! ನನ್ನ ಗಂಡನ್ನ ಮನ್ನಿಸೋಕೆ ನೀನ್ಯಾರೆ? ಅವರು ಯಾವ ತುಂಡೂ ಮರೆತವರಲ್ಲ. ಚೀಲ ಬಿಚ್ಚಿದ್ದು ನಾನು. ನಿನ್ನ ಹಾಳೆ ಒಲೆಗೆ ಹಾಕಿದ್ದೂ ನಾನೇ, ಸಂತೆ ಚೀಲ ಕತ್ತರಿಸಿ ತುಂಬಿದ್ದೂ ನಾನೇ. ಮನ್ನಿಸೋದಾದ್ರೆ ನನ್ನ ಮನ್ನಿಸು, ಇಲ್ಲ ಬಿಡು. ಅವರಿಗೆ ಕೊಟ್ಟಿದ್ದನ್ನ ವಾಪಸ್ ತಗೋ!"

"ಅಯ್ಯೋ ದೇವ್ರೇ," ಎಂದು ಪೈನೆಮ್ ಬಾಯಿ ಮುಚ್ಚಿಕೊಂಡಳು. ಮೋದಿನ್ ಅಜ್ಜ ಎರಡು ಸಲ ಕೆಮ್ಮಿ, ವಾಡಿಕೆಯ ಪ್ರಶ್ನೆ ಕೇಳಿದ. "ಸುಕಾಮ್ತೊ ಒಳ್ಳೆಯವನೇನ್ರಪ್ಪಾ?"

"ಒಳ್ಳೆಯವನು!" ಎಂದು ಜನ ಎಂದಿಗಿಂತ ಜೋರಾಗಿಯೇ ಹೇಳಿದರು. ಗಂಡಸರು ಚಟ್ಟ ಎತ್ತಿ ಹೊರಟರು.

ಹೆಸ್ತಿ ಬಯ್ಯಲಿಲ್ಲ. "ಪ್ರತಿ ಹಬ್ಬಕ್ಕೂ ಫೋನ್ ಮಾಡ್ತಿದ್ರು," ಎಂದಳು. "ನಾನು ಒಂದು ಸಲಾನೂ ಎತ್ಲಿಲ್ಲ."

"ಫೋನ್ ಮಾಡ್ತಿದ್ರಾ?" ತಾರ್ಮಿನಿ ಕಿರುಚಿದಳು. "ಪ್ರತಿ ಹಬ್ಬಕ್ಕೂನಾ?"

ಹೆಸ್ತಿ ಗೇಟಿನ ಬಳಿ ಕುಸಿದು ಬಾಯಿಬಿಟ್ಟು ಅಳತೊಡಗಿದಳು. ಒಬ್ಬಳು ನೀರು ತಂದಳು. ಇನ್ನೊಬ್ಬಳು ಬೆನ್ನು ಸವರಿದಳು. ವಿಧವೆಯ ಸುತ್ತ ನಿಂತಿದ್ದವರೂ ಒಬ್ಬೊಬ್ಬರಾಗಿ ಅತ್ತ ಹೋದರು.

ಚಟ್ಟ ಬಿದಿರು ಮೆಳೆಯ ತಿರುವಿನಲ್ಲಿ ಮರೆಯಾಯಿತು. ತಾರ್ಮಿನಿ ಹೆಂಗಸರನ್ನು ಸರಿಸಿಕೊಂಡು ಬಂದು ಹೆಸ್ತಿಯ ಪಕ್ಕದಲ್ಲಿ ಕೂತಳು.

"ಮೆಲ್ಲಗೆ ಅಳು ಕಣೆ," ಎಂದಳು. "ಅವರು ನನ್ನ ಗಂಡ."

ಹೆಸ್ತಿ ಕೇಳಿಸಿಕೊಳ್ಳಲಿಲ್ಲ. ತಾರ್ಮಿನಿ ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಅವಳ ದನಿಗಿಂತ ತನ್ನದನ್ನು ಒಂದು ಮೆಟ್ಟಿಲು ಮೇಲೇರಿಸಿ ಅಳತೊಡಗಿದಳು.