ಕನಕಮ್ಮನ ದೊರೆ ವೇಷ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಆದರೆ ತೊಂಬತ್ತೆಂಟರಲ್ಲಿ ಹರಪನಹಳ್ಳಿಯಲ್ಲಿ ಬಂದಿತಲ್ಲ, ಆ ಸಿಟ್ಟಿಗೆ ಮಾತ್ರ ಇವತ್ತಿಗೂ ಕೈ ಮುಗಿಯುತ್ತೇನೆ.

ನಮ್ಮದು ಹಗರಿಬೊಮ್ಮನಹಳ್ಳಿಯ ಬ್ಯಾಲೆ ತಂಡ. ಡ್ರಾಯಿಂಗ್ ಮೇಷ್ಟ್ರು ಗುರುಬಸವರಾಜ ಮೈಸೂರಿನಲ್ಲಿ ಎರಡು ವರ್ಷ ನೃತ್ಯ ಕಲಿತು ಬಂದು, ಅದಕ್ಕೆ ನಮ್ಮ ಬಯಲಾಟದ ಕುಣಿತ ಬೆರೆಸಿ ತೊಂಬತ್ತೆರಡರಲ್ಲಿ ಕಟ್ಟಿದ್ದು. ಮೊದಲ ಸಲ ಕೂಡ್ಲಿಗಿಗೆ ಹೋದಾಗ ಬೋರ್ಡಿನಲ್ಲಿ 'ಬ್ಯಾಲೆ' ಎಂದು ಓದಿದವರು ಅದೂ ಒಂದು ಸರ್ಕಸ್ಸೆಂದುಕೊಂಡು, "ಆನಿ ಎಲ್ಲಿ ಕಟ್ಟೀರಿ?" ಎಂದು ಕೇಳಿದ್ದರು! ಆರು ವರ್ಷದಲ್ಲಿ ಕೊಟ್ಟೂರಿನವರು, ಹಡಗಲಿಯವರು ತಾವಾಗಿಯೇ ಕರೆಸಿಕೊಳ್ಳುವ ಹಾಗಾಯಿತು. ಹಗಲೆಲ್ಲ ಟೈಲರ್ ಅಂಗಡಿಯಲ್ಲಿ ಜಂಪರು ಹೊಲಿಯುತ್ತಿದ್ದ ನಾನು ಆಟದಲ್ಲಿ ರಾಣಿ. ರಾಣಿಗೇನು ಕೆಲಸ? ದೊರೆ ಕುಣಿಯುವುದನ್ನು ನೋಡುತ್ತ ನಗಬೇಕು, ಅಷ್ಟೇ. ನನಗೆ ಬೇಕಾಗಿದ್ದು ದೊರೆಯ ವೇಷ.

ದೊರೆ ಅಂದರೆ ಅಜ್ಜಯ್ಯ. ನಲವತ್ತು ವರ್ಷ ಬಯಲಾಟದಲ್ಲಿ ದೊರೆಯಾಗಿಯೇ ಕುಣಿದವರು, ಬೇರೆ ವೇಷ ಮುಟ್ಟಿದವರಲ್ಲ. ಆ ವರ್ಷ ಅವರಿಗೆ ಮೊಣಕಾಲು ಕೈಕೊಟ್ಟಿತು. ಮೇಷ್ಟ್ರು ನನ್ನ ಹೆಸರು ಎತ್ತಿದ್ದೇ ತಡ, ಅಜ್ಜಯ್ಯ ಉರಿದುಬಿದ್ದರು.

"ಹೆಣ್ಮಗಳ ಹೆಜ್ಜಿ ಪಾಲಣ್ಣನ ಕಿವಿಗೆ ಮುಟ್ಟಂಗಿಲ್ಲ ಮಾಸ್ತರ!"

ಪಾಲಣ್ಣ ನಮ್ಮ ಮದ್ದಳೆಯವನು. ಕಣ್ಣು ಮುಚ್ಚಿಕೊಂಡೇ ಬಾರಿಸುತ್ತಾನೆ. ಬೇರೆ ಕಡೆ ಮದ್ದಳೆ ಕೇಳಿ ಕಾಲು ಹಾಕುತ್ತಾರೆ. ನಮ್ಮಲ್ಲಿ ಹಲಗೆಯ ಮೇಲೆ ಬಿದ್ದ ಕಾಲಿನ ಸದ್ದು ಕೇಳಿ ಮದ್ದಳೆ ಏಳಬೇಕು.

"ಹರಪನಹಳ್ಳಿ ಆಟದಾಗ ಪಾಲಣ್ಣಗ ನಿನ್ನ ಹೆಜ್ಜಿ ಕೇಳ್ತು ಅಂದ್ರ ವೇಷ ನಿಂದಾ, ಕನಕೀ. ಇಲ್ಲಾಂದ್ರ ನಮ್ಮ ಹುಲುಗೇಶಂದು," ಎಂದರು ಅಜ್ಜಯ್ಯ. ಹುಲುಗೇಶ ಅವರ ತಮ್ಮನ ಮಗ, ಲಾರಿ ಡ್ರೈವರ್.

"ಆಗ್ಲಿ ಅಜ್ಜಾರ!" ಎಂದೆ. ಎರಡು ತಿಂಗಳು ಕುಣಿದ ಕುಣಿತಕ್ಕೆ ಹಿಮ್ಮಡಿ ಒಡೆದು ರಕ್ತ ಬಂತು. ಸಂಕಟವೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು.

ಹೊರಡುವ ದಿನ ಮೆಕ್ಕೆಜೋಳ ಇಳಿಸಿ ಬಂದ ಖಾಲಿ ಲಾರಿಗೆ ಹುಲುಗೇಶ ನಾವು ಕುಣಿಯುವ ಹಲಗೆಗಳನ್ನು ಏರಿಸುತ್ತಿದ್ದ. ನಾನು ತಡೆದೆ. "ಅಲ್ಲಿ ಹೊಸಾ ಹಾಲ್ ಕಟ್ಯಾರ, ಸ್ಟೇಜ್ ಐತಿ. ಇವನ್ಯಾಕ ಹೊರತೀರಿ?" ಹಾಲಿನಲ್ಲಿ ಆಡುವ ಜಂಬ ಎಲ್ಲರಿಗೂ ಇತ್ತು ನೋಡಿ, ಯಾರೂ ಬೇಡ ಅನ್ನಲಿಲ್ಲ.

ಸಂಜೆ ನಾಲ್ಕಕ್ಕೆ ಪರದೆ ಸರಿಯಿತು. ಭುಜಕ್ಕೆ ಬಣ್ಣದ ಭುಜಕೀರ್ತಿ, ತಲೆಗೆ ಕಿರೀಟ ಕಟ್ಟಿಕೊಂಡು ಬಂದು ಕಾಲು ಬಡಿದೆ. ಅಯ್ಯೋ ಶಿವನೇ! ಸಿಮೆಂಟಿನ ಸ್ಟೇಜು, ಮೇಲೆ ಬೆರಳು ದಪ್ಪದ ಜಮಖಾನ. ಹತ್ತಿ ಚೀಲ ತುಳಿದಂತಾಯಿತು. ಇನ್ನೊಮ್ಮೆ ಬಡಿದೆ. ಪಾಲಣ್ಣನ ಕೈ ಗಾಳಿಯಲ್ಲೇ ನಿಂತಿತ್ತು.

"ಕನಕವ್ವಾ, ಎಲ್ಲದೀಯವ್ವಾ?" ಎಂದ ಅವನು, ಕಣ್ಣು ಮುಚ್ಚಿಕೊಂಡೇ. ಮೈಕು ಎದುರಿಗೇ ಇತ್ತು. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು.

ಪರದೆಯ ಮರೆಯಿಂದ ಅಜ್ಜಯ್ಯನ ದನಿ ಬಂತು. "ನಾ ಹೇಳ್ಲಿಲ್ಲಾ? ಹುಲುಗೇಶಾ, ಗೆಜ್ಜಿ ಕಟ್ಟಲೇ."

ಆಗ ಬಂತು ನೋಡಿ ಸಿಟ್ಟು! ಅಜ್ಜಯ್ಯನ ಮೇಲಲ್ಲ, ನನ್ನ ಮೇಲೇ. ಮೈಕು ಕಸಿದುಕೊಂಡೆ.

"ತಪ್ಪು ನಂದೈತ್ರಿ! ನಮ್ಮ ಹಲಿಗಿ ನಾನಾ ಬಿಟ್ಟು ಬಂದೀನಿ. ಎಲ್ಲಾರೂ ಹೊರಗ ಬರ್ರಿ, ಲಾರಿ ಮ್ಯಾಲ ಕುಣೀತೀನಿ!"

ಹೇಳಿದವಳೇ ಕಿರೀಟ ಒಂದು ಕೈಯಲ್ಲಿ ಹಿಡಿದುಕೊಂಡು ಓಡಿದೆ. ಹಿಂದೆ, ಮದ್ದಳೆ ಕಟ್ಟಿಕೊಂಡಿದ್ದ ಪಾಲಣ್ಣನನ್ನು ಇಬ್ಬರು ಕೈ ಹಿಡಿದು ಎಳೆದುಕೊಂಡು ಬಂದರು. ಜನ ಕುರ್ಚಿ ಸಮೇತ ಅಂಗಳಕ್ಕಿಳಿದರು. ಹುಲುಗೇಶನ ಒಂದು ಕಾಲಿಗೆ ಆಗಲೇ ಗೆಜ್ಜೆ ಇತ್ತು. ನನ್ನ ಮುಖ ನೋಡಿದ, ಏನನ್ನಿಸಿತೋ, ಓಡಿಬಂದು ಲಾರಿಯ ಪಕ್ಕದ ಬಾಗಿಲು ಬಿಚ್ಚಿ ಕೆಳಗೆ ಬಿಟ್ಟ.

"ಹತ್ತಕ್ಕಾ, ಲಗೂನ ಹತ್ತು!"

ಹತ್ತಿ ಬಡಿದೆ. ಧಡ್! ಲಾರಿಯ ಮರದ ಹಲಗೆಯ ಸಂದಿಯಲ್ಲಿದ್ದ ಮೆಕ್ಕೆಜೋಳದ ಕಾಳು ಮೇಲಕ್ಕೆ ಹಾರಿದವು. ಧಡ್ ಎಂದದ್ದೇ ಪಾಲಣ್ಣನ ಕೈ ಬಿತ್ತು, ಮದ್ದಳೆ ಎದ್ದಿತು. ಆಹಾ! ಮೈಯೆಲ್ಲ ಝುಮ್ಮೆಂದಿತು. ಸಿಳ್ಳೆ, ಕೇಕೆ, ಕಾಂಪೌಂಡಿನ ಮೇಲೆಲ್ಲ ಜನ. ಮೂರು ಸುತ್ತು ಕುಣಿದು ಸೊಂಟದ ಮೇಲೆ ಕೈಯಿಟ್ಟು ನಿಂತೆ.

ನಿಂತ ಮೇಲೆ ಸಾರಥಿ ಬರಬೇಕು. ಅವನು ಬಾಗಿ "ತಾವು ಯಾರು" ಎಂದು ಕೇಳುವವರೆಗೂ ಬಯಲಾಟದಲ್ಲಿ ದೊರೆ ದೊರೆಯಲ್ಲ. ನಮ್ಮ ಸಾರಥಿ ಮೇಷ್ಟ್ರೇ. ಅವರು ಮೈಕಿನ ವೈರಿನ ಜೊತೆ ಒಳಗೇ ಗುದ್ದಾಡುತ್ತಿದ್ದರು. ನಾನು ನಿಂತೇ ಇದ್ದೆ.

ಲಾರಿಯ ಅಂಚನ್ನು ಒಂದು ಕೈ ಹಿಡಿಯಿತು. ಅಜ್ಜಯ್ಯ! ಹುಲುಗೇಶ ಕೆಳಗಿನಿಂದ ನೂಕುತ್ತಿದ್ದ. ಕುಂಟುತ್ತ ಹತ್ತಿರ ಬಂದರು. ಮುಗೀತು, ಇಳಿಸುತ್ತಾರೆ ಎಂದುಕೊಂಡೆ. ನನ್ನ ಎದೆ ಬಡಿತ ಪಾಲಣ್ಣನಿಗೂ ಕೇಳಿರಬೇಕು.

ಅಜ್ಜಯ್ಯ ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಸುತ್ತಿಕೊಂಡರು. ನನ್ನೆದುರು ಬಾಗಿದರು.

"ಭಳಿರೇ ಭೂಪತಿ! ಈ ಸಭಾಸ್ಥಾನಕ್ಕೆ ಬಂದಂಥಾ ತಾವು ಧಾರು? ತಮ್ಮ ನಾಮಾಂಕಿತವೇನು?"

ಎರಡು ತಿಂಗಳು ಬಾಯಿಪಾಠ ಮಾಡಿದ್ದೆಲ್ಲ ಮರೆತೇಹೋಯಿತು. ಅಳು ಉಕ್ಕಿ ಬಂತು. ಅಜ್ಜಯ್ಯ ಬಾಗಿದಲ್ಲಿಂದ ಮುಖ ಎತ್ತಲಿಲ್ಲ, ನನಗೊಬ್ಬಳಿಗೇ ಕೇಳುವಂತೆ ಮೆಲ್ಲಗೆ ಅಂದರು.

"ಹೇಳ್ರಿ ದೊರೀ. ಮಂದಿ ಕಾಯಾಕತ್ಯಾರ."

ಹೇಳಿದೆ. ಎಷ್ಟು ಜೋರಾಗಿ ಹೇಳಿದೆನೆಂದರೆ, ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಂತಿತು.