ಮೂರನೆಯ ತಲೆಮಾರಿನ ಸಿಂಪಿಗಳು

ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಸಿಂಪಿ ಮೇಡಂ ಎಂದೇ. ಬೇಸಿಗೆಯಲ್ಲಿ ಕೊಲ್ಲಿಯ ನೀರು ಬಿಸಿಯಾದರೆ ಸಾಕು, ಒಂದು ರೋಗ ಬಂದು ಅಲ್ಲಿ ಸಾಕಿದ, ಚಿಪ್ಪಿನೊಳಗೆ ಬದುಕುವ ಸಿಂಪಿಗಳನ್ನು ಬುಟ್ಟಿಗಟ್ಟಲೆ ಕೊಲ್ಲುತ್ತಿತ್ತು. ಬದುಕುಳಿದವನ್ನು ಆರಿಸಿ ಮರಿ ಮಾಡಿಸಿ, ಆ ಮರಿಗಳಲ್ಲೂ ಗಟ್ಟಿಯಾದವನ್ನು ಆರಿಸಿ, ರೋಗಕ್ಕೆ ಜಗ್ಗದ ತಳಿಯೊಂದನ್ನು ಬೆಳೆಸಬೇಕೆಂಬುದು ಅವಳ ಹಟ. ಎರಡು ವಂಶಗಳನ್ನು ಬೇರೆಬೇರೆಯಾಗಿ ಬೆಳೆಸಿದ್ದಳು. ಮೂರನೆಯ ತಲೆಮಾರಿನ ಮರಿಗಳು ತೊಟ್ಟಿಗಳಲ್ಲಿ ಬೆಳೆಯುತ್ತಿದ್ದವು.

ಅಷ್ಟರಲ್ಲಿ ಕೆಮ್ಮು ಹಿಡಿಯಿತು. ನೆಗಡಿಯೆಂದು ಅವಳು ಕಡೆಗಣಿಸಿದಳು. ನಿವೃತ್ತ ನರ್ಸ್ ಆಗಿದ್ದ ಅತ್ತೆ ಬಿಡಲಿಲ್ಲ.

"ನಿನ್ನ ಕೆಮ್ಮಿಗೂ ವಾರದ ರಜೆ ಇದೆಯೇನೇ? ಭಾನುವಾರ ಮಾತ್ರ ಬರೋದೇ ಇಲ್ವಲ್ಲ," ಎಂದು ಕೈಹಿಡಿದು ವೈದ್ಯರ ಬಳಿ ಎಳೆದೊಯ್ದರು.

ಅಲರ್ಜಿ ಪರೀಕ್ಷೆಗೆಂದು ವೈದ್ಯರು ಮುಂಗೈಗೆ ಸೂಜಿಯಿಂದ ಚುಚ್ಚಿ ನೋಡಿದರು. ಸಿಂಪಿಯ ರಸ ತಾಕಿದ ಜಾಗ ದದ್ದೆದ್ದಿತು. ವರ್ಷಗಟ್ಟಲೆ ಚಿಪ್ಪು ತೊಳೆದು ಬಿಡಿಸುವಾಗ ಎದ್ದ ತುಂತುರು ಅವಳ ಉಸಿರಿಗೆ ಮುಳುವಾಗಿತ್ತು. ಇನ್ನೂ ಸಿಂಪಿ ತೊಟ್ಟಿಗಳ ಕೋಣೆಗೆ ಹೋದರೆ ಜೀವಕ್ಕೇ ಅಪಾಯ ಎಂದರು ವೈದ್ಯರು.

ಗಂಡ ಬೇರೆ ಕೆಲಸ ನೋಡಿಕೊಳ್ಳೆಂದ. ಕೇಂದ್ರದ ನಿರ್ದೇಶಕರು ಮರುಕದಿಂದ ಕಚೇರಿಯಲ್ಲೊಂದು ಕುರ್ಚಿ ಕೊಡುತ್ತೇನೆಂದರು.

"ಕುರ್ಚಿ ಬೇಡ ಸರ್. ಒಂದು ಗಾಜಿನ ಗೋಡೆ ಹಾಕಿಸ್ಕೊಡಿ," ಎಂದಳು ಅವಳು.

ಗೋಡೆ ಬಂತು. ಆಚೆ ತೊಟ್ಟಿಗಳು, ಈಚೆ ಅವಳು. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಕೂರಿಸಿ ಪರದೆಯನ್ನು ಈಚೆಗೆ ತಂದರು. ಮರಿಗಳಿಗೆ ಉಣಿಸುವ ಪಾಚಿಯನ್ನು ಅವಳೇ ಪಕ್ಕದ ಕೋಣೆಯಲ್ಲಿ ಬೆಳೆಸಿದಳು. ಆದರೆ ಸಿಂಪಿ ಮುಟ್ಟಲು ಬೇರೆಯವರ ಕೈ ಬೇಕಿತ್ತು. ತನ್ನ ಶಿಷ್ಯೆಯನ್ನೇ ಕರೆಯುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರೆ, ಅವಳು ನೇರ ಅನುಮಾನಪ್ಪನ ಮೇಜಿನ ಮುಂದೆ ಹೋಗಿ ನಿಂತಳು. ಬದುಕುಳಿದ ಸಿಂಪಿಗಳದ್ದು ಬರೀ ಅದೃಷ್ಟ ಎಂದು ಸಭೆಸಭೆಯಲ್ಲೂ ಕೊಕ್ಕೆ ಹಾಕುತ್ತಿದ್ದ ಸಹೋದ್ಯೋಗಿಗೆ ಬಿದ್ದಿದ್ದ ಅಡ್ಡಹೆಸರು ಅದು.

"ನಾನು ಇದನ್ನ ನಂಬೋದಿಲ್ಲ ಅಂತ ಗೊತ್ತಲ್ಲ ನಿಮಗೆ?"

"ಅದಕ್ಕೇ ಬಂದೆ. ನನ್ನ ಮನಸ್ಸಿಗೆ ಹಿತವಾಗೋ ಹಾಗೆ ಎಣಿಸೋರು ನನಗೆ ಬೇಡ. ಬುಟ್ಟಿಗಳಿಗೆ ಬಣ್ಣದ ದಾರ ಕಟ್ಟಿಸಿರ್ತೀನಿ. ಯಾವುದು ನನ್ನ ತಳಿ, ಯಾವುದು ಮಾಮೂಲಿ ಅಂತ ಹೇಳಲ್ಲ."

ಅವನು ಕನ್ನಡಕ ಒರೆಸಿಕೊಂಡ. "ಎಲ್ಲಾ ಸತ್ರೆ ಅಳಬಾರದು."

"ಅತ್ರೂ ಗಾಜಿನ ಈಚೆ. ನಿಮಗೆ ಕೇಳ್ಸಲ್ಲ."

ಮಾತು ಒರಟಾದರೂ ಅವನ ಕೆಲಸ ಅಚ್ಚುಕಟ್ಟು. ಬುಟ್ಟಿಗಳ ಕೊಳೆ ತಿಕ್ಕುವುದನ್ನು ಒಮ್ಮೆಯೂ ತಪ್ಪಿಸಲಿಲ್ಲ. ಪಾಚಿ ತೆಳುವಾಗಿದೆಯೆಂದು ಗಾಜು ಬಡಿದು ಜಗಳವಾಡಿದ. ಅವಳು ಪಾಚಿಯನ್ನು ಇನ್ನಷ್ಟು ದಟ್ಟವಾಗಿ ಬೆಳೆಸಿದಳು.

ಬೇಸಿಗೆಗೆ ಬುಟ್ಟಿಗಳು ಕೊಲ್ಲಿಗೆ ಇಳಿದವು. ರೋಗವೂ ಬಂತು. ಅದರ ಅಬ್ಬರ ಇಳಿದ ಮೇಲೆ ಅನುಮಾನಪ್ಪ ದೋಣಿಯಲ್ಲಿ ಹೋಗಿ ಬುಟ್ಟಿಗಳನ್ನು ತಂದ. ಸೊಸೆಯ ಜೊತೆ ಅತ್ತೆಯೂ ಬಂದು ಗಾಜಿನ ಈಚೆ ನಿಂತರು. ಸುಮ್ಮನೆ ನೋಡಲು ಬಂದೆ ಎನ್ನುತ್ತಿದ್ದರೂ ಉಸಿರಿನ ಔಷಧಿ ಅವರ ಮುಷ್ಟಿಯಲ್ಲೇ ಇತ್ತು.

ಕೆಂಪು ದಾರದ ಬುಟ್ಟಿಯಲ್ಲಿ ಹೆಚ್ಚಿನವು ಬಾಯಿ ತೆರೆದು ಸತ್ತಿದ್ದವು. ಅವು ಮಾಮೂಲಿ ಸಿಂಪಿಗಳು. ನೀಲಿಯಲ್ಲೂ ಅದೇ ಗತಿ. ನೀಲಿ ಅವಳದೇ ತಳಿಯ ಒಂದು ವಂಶ. ಹಳದಿ ದಾರದ ಬುಟ್ಟಿ ಸುರಿದಾಗ ಅನುಮಾನಪ್ಪ ಒಂದೊಂದನ್ನೇ ತಟ್ಟಿದ. ಬಹಳಷ್ಟು ಚಿಪ್ಪುಗಳು ಬಿಗಿಯಾಗಿ ಮುಚ್ಚಿಕೊಂಡವು. ಯಾರೂ ಹೇಳದಿದ್ದರೂ ಅವನು ಮತ್ತೆ ಮೊದಲಿನಿಂದ ಎಣಿಸಿದ. ಆಮೇಲೆ ಗಾಜಿನ ಈಚೆಗೆ ಮಾತಾಡಲು ಫೋನ್ ಎತ್ತಿಕೊಂಡ.

"ಹಳದಿ ಯಾವುದು?"

"ನನ್ನದು."

"ನೀಲಿ?"

"ಅದೂ ನನ್ನದೇ," ಎಂದಳು, ದನಿ ತಗ್ಗಿಸದೆ.

"ನೀಲಿ ಕೈಕೊಟ್ಟಿದೆ. ಹಳದೀಲಿ ಅರ್ಧಕ್ಕಿಂತ ಜಾಸ್ತಿ ಬದುಕಿವೆ. ಇದನ್ನ ಅದೃಷ್ಟ ಅನ್ನೋಕೆ ನಾಲಿಗೆ ಬರ್ತಿಲ್ಲ. ಆದ್ರೆ ಒಂದು ಬೇಸಿಗೆ ನೋಡಿ ಒಪ್ಪೋನೂ ಅಲ್ಲ ನಾನು."

"ನಾನೂ ಒಪ್ಪಲ್ಲ. ಮುಂದಿನ ಬೇಸಿಗೆಗೂ ಇಳಿಸ್ತೀರಾ?"

ಕೈಗವಸು ಬಿಗಿಯಾಗುತ್ತದೆ, ದೊಡ್ಡದು ತರಿಸಿ ಎಂದನಷ್ಟೇ.

ನೀಲಿ ಬುಟ್ಟಿಯ ಖಾಲಿ ಚಿಪ್ಪುಗಳನ್ನು ಅವಳು ಸ್ವಲ್ಪ ಹೊತ್ತು ನೋಡಿದಳು. ಅಷ್ಟು ವರ್ಷಗಳ ದುಡಿಮೆಯ ಅರ್ಧ ಅದು. ಅತ್ತೆ ಬೆನ್ನ ಮೇಲೆ ಕೈಯಿಟ್ಟರು. ಕಣ್ಣೊರೆಸಿಕೊಂಡು ಅವಳು ಫೋನಿನಲ್ಲಿ ಹಳದಿಯವನ್ನು ಒಂದೊಂದಾಗಿ ತೋರಿಸಲು ಹೇಳಿ, ನಾಲ್ಕನೆಯ ತಲೆಮಾರಿಗೆ ತಾಯಿತಂದೆ ಆರಿಸಬೇಕು ಎಂದಳು. ಅವನು ಮೊದಲನೆಯದನ್ನು ಗಾಜಿಗೆ ಹಿಡಿದ. ದೊಡ್ಡದಿತ್ತು, ಆದರೆ ಚಿಪ್ಪಿನ ಅಂಚು ತೆಳು. ಅವಳು ಬೇಡವೆಂದು ತಲೆಯಾಡಿಸಿದಳು. ಅವನು ಮತ್ತೊಂದನ್ನು ಎತ್ತಿದ.