ಮೂರು ಬಟ್ಟಲು ಸೌತೆಬೀಜ

"ರಾವಸಾಹೇಬನ ಚಹಾ ಕುಡದೀರಿ ನೀವು!" ಸಿದ್ದರಾಯ ವರದಿಯ ಕಾಗದವನ್ನು ಮೇಜಿನ ಮೇಲೆ ಒಗೆದ. "ಅಂವ ಕಬ್ಬಿಗೆ ಕಸ ಸಾಯೋ ಎಣ್ಣಿ ಹೊಡದ ಮರುದಿನಾನ ಕಾಲಿವಿ ನೀರ ಕುಡದು ನನ್ನ ಹನ್ನೊಂದ ಕುರಿ ಸತ್ತಾವ. ಉಳದಾವನ್ನ ದಿನಾ ಮೂರು ಮೈಲಿ ಹೊಡಕೊಂಡ ಹೋಗಿ ನೀರ ಕುಡಸಾಕತ್ತೇನಿ. ನೀರಾಗ ಏನೂ ಇಲ್ಲಂತ ಬರದೀರಿ?"

ಕೊಲ್ಹಾಪುರದ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವ ಕೃಷ್ಣಾತ ಸಿಟ್ಟಾಗಲಿಲ್ಲ. "ಮಾಮಾ, ಆಧೀ ಬಸಾ, ಮೊದಲ ಕೂಡ್ರಿ," ಎಂದು ಸ್ಟೂಲು ಎಳೆದ. ಬಿಳಿ ಪುಡಿ ಬಳಿದ ಗಾಜಿನ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಎಡಕ್ಕೆ, ಹೋಲಿಸಲು ಹಾಕಿದ ಅದೇ ಕಸದ ಔಷಧದ ಕಲೆ ಮೂಡಿತ್ತು. ಬಲಕ್ಕೆ, ಸಿದ್ದರಾಯ ಬಾಟಲಿಯಲ್ಲಿ ತಂದುಕೊಟ್ಟಿದ್ದ ನೀರಿನ ಸಾಲು ಖಾಲಿ.

"ಈ ಗಾಜು ನಿಮ್ಮದು, ಕಲಿನೂ ನಿಮ್ಮದು," ಎಂದ ಸಿದ್ದರಾಯ.

"ಅದಕ್ಕ ಇನ್ನೊಂದ ರೀತಿನೂ ನೋಡೇನ್ರಿ. ಭಾಳ ಕಡಿಮಿ ಇದ್ರ ಪಟ್ಟಿಗೆ ಸಿಗಂಗಿಲ್ಲ, ಬೀಜಕ್ಕ ಸಿಗತೈತಿ."

ಮೂರು ಬಟ್ಟಲು ಬಂದವು. ಒದ್ದೆ ಕಾಗದದ ಮೇಲೆ ಸೌತೆಬೀಜ. ನಳದ ನೀರಿನದಕ್ಕೆ ಬೆರಳುದ್ದ ಬೇರು. ತುಸುವೇ ಔಷಧ ಬೆರೆಸಿದ್ದರಲ್ಲಿ ಬೇರು ಮುರುಟಿತ್ತು. ಸಿದ್ದರಾಯನ ನೀರಿನಲ್ಲಿ ಬೆಳ್ಳಗೆ, ನೆಟ್ಟಗೆ ಇಳಿದಿತ್ತು.

ಸಿದ್ದರಾಯ ಬಾಗಿ ಆ ಬೇರನ್ನು ಮುಟ್ಟಿ ನೋಡಿದ. ನವರಾತ್ರಿಯ ಘಟದ ಮೊಳಕೆ ನೋಡಿ ಬೆಳೆ ಹೇಳುವ ಮನುಷ್ಯ ಅವನು. ಸಾಹೇಬರು ಲಂಚ ತಿಂದಾರು, ಬೀಜ ತಿನ್ನದು.

ಹಾಗಾದರೆ ಬಾಟಲಿಯ ನೀರನ್ನೇ ಯಾರೋ ಬದಲಿಸಿದ್ದಾರೆ. ಊರಿಗೆ ಮರಳುವ ಗಡಹಿಂಗ್ಲಜದ ಬಸ್ಸಿನಲ್ಲಿ ಒಬ್ಬೊಬ್ಬರನ್ನೇ ನೆನೆದ. ತಾನು ಒಯ್ಯುವಾಗ ಬಾಟಲಿ ತೊಡೆಯ ಮೇಲಿಂದ ಇಳಿದಿರಲಿಲ್ಲ. ಅದಕ್ಕೂ ಮೊದಲು ಇದ್ದದ್ದು ಹೆಂಡತಿಯ ಕೈಯಲ್ಲಿ. ರಾವಸಾಹೇಬನ ಮನೆಗೆ ಮಜ್ಜಿಗೆಗೆ ಹೋಗುವವಳೂ ಅವಳೇ.

ಸಂಜೆ ಹಟ್ಟಿಗೆ ಬಂದವನೇ ಗುಡುಗಿದ. "ದುರ್ಗಿ, ಬಾಟ್ಲಿಗೆ ಎಲ್ಲೀ ನೀರ ತುಂಬಿದಿ? ಖರೇ ಹೇಳ."

"ಗುಡ್ಡದ ವರತಿದು. ನಾವು ಕುಡಿಯೂದು. ಸೆರಗಿಲೆ ಸೋಸಿ ತುಂಬೇನಿ."

"ಕಾಲಿವಿದು ತುಂಬು ಅಂದಿದ್ನಲ್ಲ!"

"ಕುರಿ ತುಳದ ರಾಡಿ ನೀರ ದೊಡ್ಡ ಮಂದಿ ಕೈಯಾಗ ಕೊಡತಾರೇನು?" ದುರ್ಗವ್ವನೂ ದನಿ ಏರಿಸಿದಳು. "ಕುರುಬರ ಹೆಂಗಸಿಗೆ ರೀತಿ ಇಲ್ಲ ಅಂದಾರು."

ಬಡಿಗೆ ಎತ್ತಿದವನು ಹಾಗೇ ನಿಂತ. ಬಾಗಿಲಲ್ಲಿ ಹಿಕ್ಕೆಯ ಜೊತೆ ಒದ್ದೆ ಕೆಸರಿನ ಗೊರಸಿನ ಗುರುತುಗಳಿದ್ದವು. ಮೂರು ಮೈಲಿ ನಡೆದು ಬಂದ ಗೊರಸಿನಲ್ಲಿ ಇಷ್ಟು ಹಸಿ ಕೆಸರು ಉಳಿಯುವುದಿಲ್ಲ.

"ಇವತ್ತ ಎಲ್ಲಿ ಕುಡಸೀದಿ?"

"ಕಾಲಿವ್ಯಾಗ. ನೀರ ಚಲೋ ಐತಿ ಅಂತ ನಿನ್ನಿ ಪೋಸ್ಟಿನಾಂವ ಕಾಗದ ಓದಿ ಹೇಳಿದ್ನಲ್ಲ," ಎಂದಳು. ಹೇಳುತ್ತಲೇ ಅವಳ ದನಿ ಇಳಿಯಿತು.

ಬಡಿಗೆಯನ್ನು ನೆಲಕ್ಕೆ ಬಿಟ್ಟು ಸಿದ್ದರಾಯ ಕುರಿಗಳ ನಡುವೆ ಕುಕ್ಕರಗಾಲಲ್ಲಿ ಕೂತ. ಮೊದಲನೆಯದರ ದವಡೆ ಇನ್ನೂ ಮೆಲುಕಾಡುತ್ತಿತ್ತು. ಕೂತಲ್ಲಿಂದಲೇ ಸರಿದು ಎರಡನೆಯದರ ಮುಖ ನೋಡಿದ. ದುರ್ಗವ್ವ ಲಾಟೀನು ತಂದು ಮೂರನೆಯದರ ಮುಂದೆ ಹಿಡಿದಳು.